ಮುಷ್ಕರವಾದರೆ ಬೀಗ, ಸಮೀಕ್ಷೆಯಾದರೆ ರಜೆ

2023ರ ಮಾರ್ಚ್ 1, ಬುಧವಾರ. ನಮ್ಮ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಎರಡನೇ ಕ್ಲಾಸಿನ ಮಗನ ಕೈ ಹಿಡಿದುಕೊಂಡು ಒಬ್ಬ ತಾಯಿ ಅದರ ಮುಂದೆ ನಿಂತಿದ್ದರು. ಗಾರೆ ಕೆಲಸಕ್ಕೆ ಹೋಗುವವರು. ಸೀರೆಯ ಮೇಲೆ ಗಂಡಸರ ಹಳೇ ಶರ್ಟು, ಕೈಯಲ್ಲಿ ಬುತ್ತಿಯ ಚೀಲ. ಮೇಸ್ತ್ರಿಯ ಫೋನು ಆಗಲೇ ಎರಡು ಸಲ ಬಂದಿತ್ತು. 'ಇವತ್ತು ಮುಷ್ಕರ ಅಲ್ವೇನಮ್ಮಾ, ಗೊತ್ತಿರಲಿಲ್ವಾ' ಎಂದೆ. 'ನಮಗ್ಯಾರು ಹೇಳ್ತಾರೆ ಸಾರ್' ಎಂದರು. ಒಂದು ಗಳಿಗೆ ಗೇಟನ್ನೇ ನೋಡಿ, ಹುಡುಗನನ್ನು ಕೆಲಸದ ಜಾಗಕ್ಕೇ ಎಳೆದುಕೊಂಡು ಹೊರಟರು. ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಅವನು ಇಡೀ ದಿನ ಎಂ-ಸ್ಯಾಂಡ್ ರಾಶಿಯ ಮೇಲೆ ಕೂತಿದ್ದನಂತೆ.

ಅದರ ತಮಾಷೆ ನೋಡಿ. ಅನಿರ್ದಿಷ್ಟಾವಧಿ ಎಂದು ಘೋಷಿಸಿದ್ದ ಆ ಮುಷ್ಕರ ಅರ್ಧ ದಿನವೂ ನಡೆಯಲಿಲ್ಲ. ಏಳನೇ ವೇತನ ಆಯೋಗದ ವರದಿ ಜಾರಿಯಾಗಬೇಕು, ಹಳೇ ಪಿಂಚಣಿ ಮರಳಬೇಕು ಎಂಬುವು ರಾಜ್ಯ ಸರ್ಕಾರಿ ನೌಕರರ ಸಂಘದ ಬೇಡಿಕೆಗಳು. ವಿಧಾನಸಭೆ ಚುನಾವಣೆ ಬಾಗಿಲಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಬೊಮ್ಮಾಯಿ ಸರ್ಕಾರ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು, ಪಿಂಚಣಿಗೊಂದು ಸಮಿತಿ ಎಂದಿತು, ಮುಷ್ಕರ ಮುಗಿಯಿತು. ಸಿಹಿ ಹಂಚಿದ್ದೂ ಆಯಿತು. ಆದರೆ ಶಾಲೆಯೆಂಬುದು ಅಂಗಡಿಯಲ್ಲವಲ್ಲ, ಮಧ್ಯಾಹ್ನ ಎರಡಕ್ಕೆ ಷಟರ್ ಎತ್ತಿ ಗಿರಾಕಿಗಳನ್ನು ಕರೆಯಲು. ಮಕ್ಕಳ ಆ ದಿನ ಹೋಯಿತು, ಬಿಸಿಯೂಟವೂ ಹೋಯಿತು.

ಶಿಕ್ಷಕರ ಮುಷ್ಕರ ಎಂದೊಡನೆ ನಮ್ಮಲ್ಲಿ ಬರುವ ಮೊದಲ ಮಾತು 'ಮಕ್ಕಳ ಭವಿಷ್ಯ'. ಸಂಬಳ ಸಾಲದೆಂದು ಮಕ್ಕಳನ್ನು ಬೀದಿಗೆ ಬಿಡುವುದೇ, ಗುರು ಎಂದರೆ ಏನು, ಎಂದೆಲ್ಲ ಉಪದೇಶ ಶುರುವಾಗುತ್ತದೆ. ಗಾರೆ ಕೆಲಸದ ಆ ತಾಯಿಗೆ ಹಾಗೆ ಕೇಳುವ ಹಕ್ಕಿದೆ. ಸರ್ಕಾರಕ್ಕೆ ಇಲ್ಲ. ಶಾಲೆ ಮುಚ್ಚುವುದರಲ್ಲಿ ಸರ್ಕಾರಕ್ಕಿರುವ ಪಳಗಿದ ಕೈ ಯಾವ ಸಂಘಕ್ಕೂ ಇಲ್ಲ.

2025ರ ಅಕ್ಟೋಬರನ್ನೇ ತೆಗೆದುಕೊಳ್ಳಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮನೆಗೆ 60 ಪ್ರಶ್ನೆ, ದಿನಕ್ಕೊಮ್ಮೆ ಕೈಕೊಡುವ ಆ್ಯಪು, ಸಿಗ್ನಲ್ಲಿಗಾಗಿ ತಾರಸಿ ಹತ್ತುವ ಮೇಷ್ಟ್ರುಗಳು, ಮುಗಿಯಲಿಲ್ಲ. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಎಂದು ಘೋಷಿಸಿದರು. ದಸರಾ ರಜೆಯ ಬಾಲಕ್ಕೆ ಇನ್ನೊಂದು ರಜೆ. ಖಾಸಗಿ ಶಾಲೆಯ ಮಕ್ಕಳು ಬಸ್ ಹತ್ತಿ ಶಾಲೆಗೆ ಹೋದರು, ಅದೇ ಬೀದಿಯ ಸರ್ಕಾರಿ ಶಾಲೆಯ ಮಕ್ಕಳು ಕಟ್ಟೆಯ ಮೇಲೆ ಕೂತು ನೋಡಿದರು. ಮುಷ್ಕರದ ಒಂದು ದಿನಕ್ಕೆ ಆ ತಾಯಿ ಕೊಟ್ಟಷ್ಟೇ ಬೆಲೆಯನ್ನು ಸಮೀಕ್ಷೆಯ ಹತ್ತು ದಿನಕ್ಕೂ ಕೊಡಬೇಕಾಯಿತು, ಹತ್ತು ಸಲ. ಹೋದ ಪಾಠವನ್ನು ಹೆಚ್ಚುವರಿ ತರಗತಿ ನಡೆಸಿ ತುಂಬಿಸುತ್ತಾರೆ ಎಂಬ ಸಮಾಧಾನ ಬಂತು. ಹೋದ ಊಟವನ್ನು ತುಂಬಿಸುವುದು ಹೇಗೆಂದು ಯಾರೂ ಹೇಳಲಿಲ್ಲ.

ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಯಾರು ಎಷ್ಟು ಹಿಂದುಳಿದಿದ್ದಾರೆಂದು ಲೆಕ್ಕ ಹಾಕದೆ ನ್ಯಾಯ ಹಂಚಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಹಿಂದುಳಿದವರ ಲೆಕ್ಕ ತೆಗೆಯಲು ಹಿಂದುಳಿದವರ ಮಕ್ಕಳ ಶಾಲೆಯನ್ನೇ ಮುಚ್ಚುವುದು ಯಾವ ಜಾಣತನ? 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ವಿನಾಯಿತಿ ಮೂರಕ್ಕೆ ಮಾತ್ರ: ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ರಾಜ್ಯ ನಡೆಸುವ ಸಮೀಕ್ಷೆ ಆ ಮೂರರಲ್ಲಿ ಯಾವುದು? ಶಿಕ್ಷಕರು ಒಂದು ದಿನ ಕೂತರೆ ನಿಯಮಾವಳಿಯ ಪುಸ್ತಕ ಹೊರಬರುತ್ತದೆ, 'ಕೆಲಸ ಇಲ್ಲವಾದರೆ ವೇತನ ಇಲ್ಲ' ಎಂಬ ಸುತ್ತೋಲೆ ಬರುತ್ತದೆ. ಸರ್ಕಾರ ಕೂರಿಸಿದಾಗ ಆ ಪುಸ್ತಕ ಯಾವ ಬೀರುವಿನಲ್ಲಿರುತ್ತದೋ!

ನನ್ನ ಅಕ್ಕ ಒಂದು ಏಕೋಪಾಧ್ಯಾಯ ಶಾಲೆಯಲ್ಲಿದ್ದಾಳೆ. ಕರ್ನಾಟಕದಲ್ಲಿ ಅಂಥವು ಒಂದೆರಡಲ್ಲ, 7 ಸಾವಿರಕ್ಕೂ ಹೆಚ್ಚು. ಒಂದರಿಂದ ಐದು, ಒಂದೇ ಕೋಣೆ, ಇವಳೊಬ್ಬಳೇ. ಒಮ್ಮೆ ಅವಳ ಶಾಲೆಯಲ್ಲಿ ಒಂದು ದಿನ ಕೂತಿದ್ದೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹಾಲಿನ ಪುಡಿಯ ಲೆಕ್ಕ. ಆಮೇಲೆ ಮೊಟ್ಟೆ. ಸರ್ಕಾರ ಮೊಟ್ಟೆಯೊಂದಕ್ಕೆ ಕೊಡುವುದು 6 ರೂಪಾಯಿ. ಖರೀದಿ, ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರೊಳಗೇ ಆಗಬೇಕು. ಪೇಟೆಯಲ್ಲಿ ದರ ಏರಿದ ವಾರ ಮಿಕ್ಕಿದ್ದನ್ನು ಇವಳು ತನ್ನ ಪರ್ಸಿನಿಂದ ಹಾಕುತ್ತಾಳೆ. ಯಾವ ಮಗು ಮೊಟ್ಟೆ ತಿಂತು, ಯಾವುದು ಬಾಳೆಹಣ್ಣು, ಅದರ ಪಟ್ಟಿ ಬೇರೆ. ಹನ್ನೊಂದೂವರೆಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿಯಿಂದ ವಾಟ್ಸಾಪು: ಯಾವುದೋ ಮಾಹಿತಿ 'ತುರ್ತಾಗಿ, ಇಂದೇ'. ಅವಳು ಮೊಬೈಲು ಒತ್ತುತ್ತಿದ್ದಾಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಒಂದನೇ ಕ್ಲಾಸಿನವರಿಗೆ ಅ ಆ ಬರೆಸತೊಡಗಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ದಿನವೂ ಹಾಗೇ ಇರಬೇಕು.

ತಾಲ್ಲೂಕಿನಲ್ಲಿ ತರಬೇತಿಯೆಂದರೆ ಆ ಶಾಲೆ ಬಂದ್. ಮತದಾರರ ಪಟ್ಟಿ ಪರಿಷ್ಕರಣೆ ಎಂದರೆ ಬಂದ್. ಅವಳಿಗೆ ಜ್ವರ ಬಂದರೆ ಬಂದ್, ಇಲ್ಲವೆ ಪಕ್ಕದೂರಿನಿಂದ ಒಬ್ಬರನ್ನು ಬೇಡಿ ತರಬೇಕು. ವರ್ಷದ ಕೊನೆಗೆ ಇವೆಲ್ಲ ಯಾವ ಮುಷ್ಕರದ ಲೆಕ್ಕಕ್ಕೂ ಸೇರುವುದಿಲ್ಲ. ಪ್ರಾಥಮಿಕಕ್ಕೆ 200 ದಿನ, ಹಿರಿಯ ಪ್ರಾಥಮಿಕಕ್ಕೆ 220 ದಿನ ಪಾಠ ನಡೆಯಬೇಕೆಂಬ ಕಾನೂನು ಕಾಗದದ ಮೇಲೆ ಪಾಲನೆಯಾಗಿಯೇ ಇರುತ್ತದೆ.

ಇಷ್ಟು ಹೇಳಿದ ಮೇಲೆ ನಾನು ಶಿಕ್ಷಕರ ಸಂಘದ ಬಾವುಟ ಹಿಡಿದವನೆಂದು ನೀವು ತಿಳಿಯಬಹುದು. ಅಕ್ಕನ ಎದುರಿಗೇ ಹೇಳಿ ಬೈಸಿಕೊಂಡಿರುವ ಮಾತನ್ನು ಇಲ್ಲಿಯೂ ಹೇಳಿಬಿಡುತ್ತೇನೆ. ನಮ್ಮ ಶಿಕ್ಷಕರು ಮುಷ್ಕರ ಹೂಡುವುದು ತಪ್ಪಲ್ಲ. ಮುಷ್ಕರದ ಪಟ್ಟಿಯಲ್ಲಿ ಮಗುವೇ ಇಲ್ಲದಿರುವುದು ತಪ್ಪು. 2023ರ ಮಾರ್ಚಿನ ಎರಡು ಬೇಡಿಕೆಗಳು ನ್ಯಾಯದವೇ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ನಿಶ್ಚಿತ ಪಿಂಚಣಿಯಿಲ್ಲ, ಅವರ ಆತಂಕ ಸುಳ್ಳಲ್ಲ. 2024ರ ಆಗಸ್ಟ್ 12ರಂದು ಪ್ರಾಥಮಿಕ ಶಾಲಾ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಸೇರಿದಾಗಲೂ ಸಿಟ್ಟಿಗೆ ಕಾರಣವಿತ್ತು. ಒಂದರಿಂದ ಏಳನೇ ತರಗತಿಗೆಂದು ನೇಮಕವಾದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಇಳಿಸಿಬಿಟ್ಟಿತ್ತು. ಪದವಿ ಪಡೆದು ವರ್ಷಗಟ್ಟಲೆ ಏಳನೇ ತರಗತಿಗೆ ಪಾಠ ಮಾಡಿದವರಿಗೂ ಅದೇ ಗತಿ. ಎಲ್ಲ ಸರಿ. ಆದರೆ ಗೇಟಿನ ಮುಂದೆ ನಿಂತ ತಾಯಿಗೆ ಇದರಲ್ಲಿ ಸಂಬಂಧಪಟ್ಟ ಸಾಲು ಯಾವುದು? ಖಾಲಿ ಹುದ್ದೆ ತುಂಬಿ, ಒಬ್ಬರೇ ಇರುವ ಶಾಲೆಗೆ ಇನ್ನೊಬ್ಬರನ್ನು ಕೊಡಿ, ನಮ್ಮನ್ನು ಮೊಬೈಲಿನಿಂದ ಬಿಡಿಸಿ ಕರಿಹಲಗೆಯ ಮುಂದೆ ನಿಲ್ಲಿಸಿ ಎಂದು ಬೀಗ ಹಾಕಿ ಕೂತ ಒಂದು ದಿನವನ್ನು ನನಗೆ ತೋರಿಸಿ. ಮನವಿ ಪತ್ರದ ಹತ್ತನೇ ಅಂಶವಾಗಿ ಅದು ಇದ್ದೀತು. ಹತ್ತನೇ ಅಂಶಕ್ಕೆ ಯಾರೂ ಮುಷ್ಕರ ಮಾಡುವುದಿಲ್ಲ.

2019ರ ಅಕ್ಟೋಬರಿನಲ್ಲಿ ಅಮೆರಿಕದ ಶಿಕಾಗೊ ನಗರದ ಶಿಕ್ಷಕರು 11 ಶಾಲಾ ದಿನ ಮುಷ್ಕರ ಮಾಡಿದರು. ಅಲ್ಲೂ ಸಂಬಳದ ಮಾತಿತ್ತು. ಅದರ ಜೊತೆಗೆ ತರಗತಿಗೆ ಇಷ್ಟೇ ಮಕ್ಕಳಿರಲಿ, ಪ್ರತಿ ಶಾಲೆಗೂ ಒಬ್ಬ ನರ್ಸು, ಒಬ್ಬ ಸಮಾಜ ಕಾರ್ಯಕರ್ತರು ಬೇಕು ಎಂದೂ ಅವರು ಹಟ ಹಿಡಿದರು, ಒಪ್ಪಂದದಲ್ಲಿ ಬರೆಸಿಕೊಂಡರು. ಪಾಠ ನಿಂತಿದ್ದರೂ ಶಾಲೆಯ ಕಟ್ಟಡಗಳನ್ನು ತೆರೆದಿಟ್ಟು ಮಕ್ಕಳಿಗೆ ತಿಂಡಿ, ಊಟ ಕೊಡುವ ಏರ್ಪಾಡನ್ನು ಆಡಳಿತ ಮಾಡಿತ್ತು. ಅಮೆರಿಕದವರು ದೇವರುಗಳೇನಲ್ಲ, ಅಲ್ಲಿನ ತಂದೆತಾಯಂದಿರೂ ಬೈದುಕೊಂಡೇ ಇದ್ದರು. ಆದರೆ ಅಡುಗೆ ಮನೆಗೂ ತರಗತಿಗೂ ಒಂದೇ ಬೀಗ ಹಾಕಬೇಕಿಲ್ಲ ಎಂಬುದಂತೂ ತಿಳಿಯಿತು. ನಮ್ಮ ಅಕ್ಷರ ದಾಸೋಹಕ್ಕೆ ಇಪ್ಪತ್ತು ವರ್ಷ ದಾಟಿದೆ. ಅಕ್ಕಿ ಶಾಲೆಯಲ್ಲೇ ಇರುತ್ತದೆ, ಅಡುಗೆಯವರು ಅದೇ ಊರಿನವರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿ ಅಧ್ಯಕ್ಷರೂ ಅದೇ ಊರಿನವರು. ಮೇಷ್ಟ್ರು ಇಲ್ಲದ ದಿನ ಒಲೆ ಹಚ್ಚಬಾರದೆಂದು ಯಾವ ಶಾಸ್ತ್ರ ಹೇಳಿದೆ?

ಅಡುಗೆಯವರ ಮಾತು ಬಂತಲ್ಲ, ಮುಷ್ಕರದಲ್ಲೂ ಜಾತಿ ಇದೆ ಎಂಬುದನ್ನು ಹೇಳಲೇಬೇಕು. ಕಾಯಂ ನೌಕರರು ಕೂತರೆ ಅರ್ಧ ದಿನದಲ್ಲಿ ಶೇ. 17. 2023ರ ಜನವರಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಗ್ರಾಚ್ಯುಟಿಗಾಗಿ ಅದೇ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ದಿನಗಟ್ಟಲೆ ಮಲಗಿದರು. ಅದು ಅವರ ಹಕ್ಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲೇ ಹೇಳಿತ್ತು. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ನವೆಂಬರಿನಲ್ಲಿ ತರಗತಿ ಬಿಟ್ಟವರು ಹೊಸ ವರ್ಷದವರೆಗೂ ಬೀದಿಯಲ್ಲಿದ್ದರು. 2024ರ ಜನವರಿ 1ಕ್ಕೆ ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆ ಹೊರಟರು. ಕೊನೆಗೆ ಸಿಕ್ಕಿದ್ದು 5 ಸಾವಿರ ರೂಪಾಯಿ ಹೆಚ್ಚಳ, 60 ತುಂಬಿದಾಗ 5 ಲಕ್ಷದ ಇಡಿಗಂಟು. ಕೇಳಿದ್ದು ಕಾಯಮಾತಿ. ಒಂದು ತಿಂಗಳಿಗೂ ಮೀರಿ ತರಗತಿಗಳು ಖಾಲಿ ಬಿದ್ದವು. ಬಹುಪಾಲು ಪಾಠ ಅವರ ಮೇಲೇ ನಿಂತ ಕಾಲೇಜುಗಳಲ್ಲಿ ಹಳ್ಳಿಯಿಂದ ಬಂದ ಹುಡುಗಿಯರು ಬಸ್ ಪಾಸು ಹಿಡಿದು ಬಂದು, ಕಾರಿಡಾರಿನಲ್ಲಿ ಕೂತು ಎದ್ದು ಹೋದರು. ಸರ್ಕಾರಕ್ಕೆ ಅವಸರವಿರಲಿಲ್ಲ.

ಶಾಲೆಗಳಲ್ಲೂ ಇದೇ ಕಥೆ. 2025-26ರಲ್ಲಿ 50 ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರ ಮೇಲೆ ಸರ್ಕಾರಿ ಶಾಲೆಗಳು ನಡೆದವು. ಆ ವರ್ಷದ ಬಜೆಟ್ಟಿನಲ್ಲಿ 2 ಸಾವಿರ ಏರಿಸಿದ ಮೇಲೆ ಪ್ರಾಥಮಿಕದವರಿಗೆ ತಿಂಗಳಿಗೆ 12 ಸಾವಿರ. ಬೇಸಿಗೆ ರಜೆಗೆ ಸಂಬಳವಿಲ್ಲ, ಜೂನಿಗೆ ಮತ್ತೆ ಅರ್ಜಿ. ಅತಿಥಿಯನ್ನು ವರ್ಷಾನುಗಟ್ಟಲೆ ಜಗಲಿಯಲ್ಲೇ ಕೂರಿಸುವ ಮನೆಯನ್ನು ಊರಿನಲ್ಲಾದರೆ ಏನೆನ್ನುತ್ತಾರೆಂದು ನಿಮಗೇ ಗೊತ್ತು. ಇವರಿಗಾಗಿ ಕಾಯಂ ಶಿಕ್ಷಕರು ಒಂದು ದಿನ ಬೀಗ ಹಾಕಿದ್ದರೆ ನಾನೇ ಹೋಗಿ ಟೀ ಹಂಚುತ್ತಿದ್ದೆ.

ಮುಷ್ಕರವನ್ನೇ ನಿಷೇಧಿಸಿಬಿಡಿ ಎನ್ನುವವರಿಗೆ ಒಂದು ಮಾತು. 2003ರಲ್ಲಿ ತಮಿಳುನಾಡಿನಲ್ಲಿ ಜಯಲಲಿತಾ ಅದನ್ನು ಮಾಡಿ ನೋಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರು, ಶಿಕ್ಷಕರನ್ನು ಒಂದೇ ಏಟಿಗೆ ವಜಾ ಮಾಡಿದರು. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ, ಕಾನೂನಿನ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದು ಸುಪ್ರೀಂ ಕೋರ್ಟೂ ಆಗ ಹೇಳಿತು. ಅದಾಗಿ ಎರಡು ದಶಕ ಕಳೆದಿದೆ. ಮುಷ್ಕರ ನಿಂತಿದೆಯೇ? ಬೇರೆ ಬಾಗಿಲುಗಳೆಲ್ಲ ಮುಚ್ಚಿರುವಾಗ ಜನ ಈ ಬಾಗಿಲನ್ನು ಒದೆಯುತ್ತಾರೆ, ಕಾನೂನಿನ ಹಲಗೆ ಏನೇ ಹೇಳಲಿ. ಮತ್ತೆ, 'ನೈತಿಕ ಹಕ್ಕು' ಎಂಬ ಮಾತನ್ನು ನ್ಯಾಯಾಲಯ ಆಡಬಹುದು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳನ್ನು 2021ರ ಅಕ್ಟೋಬರ್ 25ರವರೆಗೆ ತೆರೆಯದ ಸರ್ಕಾರದ ಬಾಯಲ್ಲಿ ಅದು ಚೆನ್ನಾಗಿ ಕೇಳುವುದಿಲ್ಲ. ಬಾರು, ಮಾಲು, ಸಿನಿಮಾ ಮಂದಿರಗಳು ಮಕ್ಕಳಿಗಿಂತ ಮೊದಲು ತೆರೆದುಕೊಂಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು ಶಾಲೆಯ ಮುಖ ಕಂಡದ್ದು ಎರಡನೇ ಕ್ಲಾಸಿನಲ್ಲಿ.

ಹಾಗಾಗಿ ನಾನು ಕೇಳುವುದು ಸಣ್ಣ ಸಂಗತಿ. ಮುಷ್ಕರದ ನೋಟಿಸನ್ನು ಮುಖ್ಯ ಕಾರ್ಯದರ್ಶಿಗೆ ಕೊಡುವ ದಿನವೇ ಎಸ್‌ಡಿಎಂಸಿ ಸಭೆಯ ಮುಂದೆಯೂ ಇಡಿ. ಯಾಕೆ ಕೂರುತ್ತಿದ್ದೇವೆ, ಎಷ್ಟು ದಿನ, ಊಟದ ಏರ್ಪಾಡೇನು ಎಂದು ಹೇಳಿ. ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಎಂಬುದನ್ನು ಬೇಡಿಕೆಯ ಮೊದಲನೇ ಸಾಲಿಗೆ ತನ್ನಿ. ಸರ್ಕಾರವೂ ಅಷ್ಟೇ: ಶಿಕ್ಷಕರನ್ನು ಯಾವುದೇ ಗಣತಿಗೆ ಕಳಿಸುವ ಮುಂಚೆ ಅದೇ ಸಭೆಗೆ ಬಂದು ಕೇಳಲಿ. ಆಗ ಊರಿನವರು ಮೇಷ್ಟ್ರುಗಳ ಪಕ್ಕಕ್ಕೆ ಬಂದು ನಿಂತಾರು, ಕೆಲವೊಮ್ಮೆ ಎದುರಿಗೂ ನಿಂತಾರು. ಗೇಟಿನ ಮುಂದೆ ಬಂದು ಬೀಗ ನೋಡಿ ವಾಪಸು ಹೋಗುವುದಕ್ಕಿಂತ ಅದು ಮೇಲು.

ಇದನ್ನು ಬರೆದು ಮೊದಲು ಅಕ್ಕನಿಗೆ ಓದಿ ಹೇಳಿದೆ. ಮೊಟ್ಟೆಯ ಲೆಕ್ಕದ ಹತ್ತಿರ ನಕ್ಕಳು, ಕಾಯಂ ಶಿಕ್ಷಕರ ಮಾತು ಬಂದಾಗ ಮುಖ ಗಂಟಿಕ್ಕಿದಳು. ಸಭೆಯ ವಿಷಯಕ್ಕೆ ಬಂದಾಗ ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗಿಟ್ಟಳು.

'ಲೋ, ಎಸ್‌ಡಿಎಂಸಿ ಸಭೆಗೆ ಕೋರಂ ಮಾಡೋಕೆ ಮನೆಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ ನಾನು. ಬಾ ಅಂದ್ರೆ ಅವ್ರು ಏನಂತಾರೆ ಗೊತ್ತಾ? ಬರ್ತೀವಿ ಮಿಸ್, ಅವತ್ತಿನ ಕೂಲಿ ಯಾರು ಕೊಡ್ತಾರೆ ಅಂತಾರೆ. ನೀನು ಕೊಡ್ತೀಯಾ?'

ರಾತ್ರಿ ಸಭೆ ಇಟ್ಟುಕೊಳ್ಳಬಹುದಲ್ಲ ಎಂದೆ. ಶಾಲೆಗೆ ಕರೆಂಟು ಬಿಲ್ಲು ಕಟ್ಟದೆ ಎರಡು ತಿಂಗಳಾಯ್ತು ಎಂದಳು.