ಹೊಟೇಲು ತರಬೇತಿಯಲ್ಲಿ ವಿದೇಶೀ ಸಹಯೋಗ: ಕೀನ್ಯಾದ ಅನುಭವ

ಪಿಯುಸಿ ಫಲಿತಾಂಶ ಪ್ರಕಟವಾಗುತ್ತಿದ್ದಂತೆ ‘ವಿದೇಶೀ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ’ ಎಂಬ ಒಕ್ಕಣೆಯುಳ್ಳ ಹೊಟೇಲ್ ಮ್ಯಾನೇಜ್‌ಮೆಂಟ್ ಜಾಹೀರಾತುಗಳು ಕಾಣಿಸಿಕೊಳ್ಳತೊಡಗುತ್ತವೆ. ನಮ್ಮ ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳಿಗೆ ಕೊಲ್ಲಿ ರಾಷ್ಟ್ರಗಳ ಹೊಟೇಲುಗಳೂ ವಿಹಾರ ನೌಕೆಗಳೂ ಹೊಸತಲ್ಲ. ಆದರೆ ಅಲ್ಲಿಗೆ ಹೋದವರಲ್ಲಿ ಅಡುಗೆಮನೆ ಹಾಗೂ ಊಟದ ಮೇಜಿನ ಸೇವೆಯಲ್ಲೇ ಉಳಿದವರು ಎಷ್ಟೋ ಮಂದಿ. ಮಗನೋ ಮಗಳೋ ವ್ಯವಸ್ಥಾಪಕರ ಕುರ್ಚಿಯನ್ನು ತಲುಪಲಿ ಎಂಬ ಆಸೆಯಿಂದ ತಂದೆತಾಯಂದಿರು ಸಾಲಕ್ಕೆ ಸಹಿ ಹಾಕುತ್ತಾರೆ. ಸಹಯೋಗ ಎಂಬ ಪದದ ಅರ್ಥವೇನೆಂದು ವಿಚಾರಿಸುವವರು ಕಡಿಮೆ.

ಈ ಪದಕ್ಕೆ ನಿಜವಾದ ಅರ್ಥ ಕೊಟ್ಟ ಉದಾಹರಣೆಯೊಂದು ಪೂರ್ವ ಆಫ್ರಿಕಾದಲ್ಲಿದೆ. 1963ರಲ್ಲಿ ಸ್ವತಂತ್ರವಾದ ಕೀನ್ಯಾಕ್ಕೆ ವನ್ಯಮೃಗಗಳನ್ನೂ ಮೊಂಬಾಸಾ ಕರಾವಳಿಯನ್ನೂ ನೋಡಲು ಪ್ರವಾಸಿಗರೇನೋ ಬರುತ್ತಿದ್ದರು. ಆದರೆ ಹೊಟೇಲುಗಳ ಉನ್ನತ ಹುದ್ದೆಗಳು ಬಹುಮಟ್ಟಿಗೆ ವಿದೇಶೀಯರ ಪಾಲಾಗಿದ್ದವು. ಆ ಸರಕಾರವು ನೆರವು ಕೋರಿದ್ದು ಸ್ವಿಜರ್‌ಲ್ಯಾಂಡನ್ನು. 1893ರಲ್ಲೇ ಲೋಸಾನ್‌ನಲ್ಲಿ ಹೊಟೇಲು ಶಾಲೆ ತೆರೆದ ದೇಶವದು. ಹೀಗೆ 1975ರಲ್ಲಿ ನೈರೋಬಿಯಲ್ಲಿ ಕೀನ್ಯಾ ಉತಾಲಿ ಕಾಲೇಜು ಪ್ರಾರಂಭವಾಯಿತು. ಸ್ವಾಹಿಲಿಯಲ್ಲಿ ‘ಉತಾಲಿ’ ಎಂದರೆ ಪ್ರವಾಸೋದ್ಯಮ. ಕಾಲೇಜಿನ ಆವರಣದಲ್ಲೇ ಒಂದು ಹೊಟೇಲು ಇದ್ದು, ಹಣ ಕೊಟ್ಟು ತಂಗುವ ಅತಿಥಿಗಳ ಮುಂದೆಯೇ ವಿದ್ಯಾರ್ಥಿಗಳು ಕೆಲಸ ಕಲಿಯುತ್ತಾರೆ.

ಪ್ರಾರಂಭದಲ್ಲಿ ಆಡಳಿತ ಸ್ವಿಸ್ ತಜ್ಞರ ಕೈಯಲ್ಲಿತ್ತು. ಕ್ರಮೇಣ ಅದು ಕೀನ್ಯಾದವರ ಕೈಗೆ ಬಂತು. ಆದರೆ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತಲೂ ಮುಖ್ಯವಾದುದು ಹಣದ ಮೂಲ. ಹೊಟೇಲು ಮತ್ತು ಉಪಾಹಾರ ಗೃಹಗಳ ಆದಾಯದ ಮೇಲೆ ಶೇಕಡಾ 2ರಷ್ಟು ತರಬೇತಿ ಕರವನ್ನು ಕಾನೂನಿನ ಮೂಲಕವೇ ವಿಧಿಸಲಾಯಿತು. ನುರಿತ ಕೆಲಸಗಾರರಿಂದ ಲಾಭ ಪಡೆಯುವ ಉದ್ಯಮವೇ ಅವರ ಶಿಕ್ಷಣದ ಭಾರ ಹೊರಬೇಕೆಂಬ ತತ್ವವಿದು. ವಿದೇಶೀ ನೆರವು ನಿಂತ ಮೇಲೂ ಕಾಲೇಜು ನಿಂತುಹೋಗದಿರಲು ಇದು ಕಾರಣವಾಯಿತು. ದೋಷ ಇಲ್ಲವೆಂದಲ್ಲ. 1998ರ ನೈರೋಬಿ ಬಾಂಬ್ ಸ್ಫೋಟ, 2007ರ ಚುನಾವಣೆಯ ಬೆನ್ನಲ್ಲೇ ನಡೆದ ಹಿಂಸಾಚಾರ, 2020ರ ಕೋವಿಡ್ ಪಿಡುಗು, ಹೀಗೆ ಪ್ರವಾಸಿಗರು ಕಡಿಮೆಯಾದಾಗಲೆಲ್ಲ ಕರದ ಉತ್ಪನ್ನವೂ ಕುಸಿಯುವುದು ಅನಿವಾರ್ಯ.

ನಮ್ಮಲ್ಲಾದರೋ ಖಾಸಗಿ ಸಹಯೋಗಗಳ ಭಾರ ಬೀಳುವುದು ಬಹುತೇಕ ಪಾಲಕರ ಮೇಲೆ. ಅತಿಥಿಗಳೇ ಇಲ್ಲದ ಮಾದರಿ ಕೋಣೆಯಲ್ಲಿ ಹಾಸಿಗೆ ಹಾಸಲು ಕಲಿತವನಿಗೆ ವಿದೇಶದ ಲಾಂಛನವುಳ್ಳ ಪ್ರಮಾಣಪತ್ರ ದೊರೆತರೆ ಅದರಿಂದ ಆಗುವ ಪ್ರಯೋಜನವೇನು? ವಿದೇಶದಲ್ಲಿ ‘ತರಬೇತಿ’ ಎಂದು ಕರೆದೊಯ್ದು ಪಾತ್ರೆ ತೊಳೆಸಿದರೆ ಅದು ಕೂಲಿಯೇ ಹೊರತು ಶಿಕ್ಷಣವಲ್ಲ.

ಪದವಿ ಶಿಕ್ಷಣದ ಮಟ್ಟಿಗೆ ಪಾಲಕರಿಗೆ ಒಂದು ಆಧಾರವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಗಳು ಟ್ವಿನ್ನಿಂಗ್, ಜಂಟಿ ಪದವಿ, ದ್ವಿಪದವಿ ಎಂಬ ಮೂರು ಬಗೆಯ ಸಹಯೋಗಗಳಿಗೆ ಅವಕಾಶ ನೀಡಿ, ಹೆಸರನ್ನಷ್ಟೇ ಬಾಡಿಗೆಗೆ ಕೊಡುವಂತಹ ಫ್ರಾಂಚೈಸಿ ಪದ್ಧತಿಯನ್ನು ನಿಷೇಧಿಸಿವೆ. ಟ್ವಿನ್ನಿಂಗ್‌ನಲ್ಲಿ ಪದವಿ ನೀಡುವುದು ಭಾರತೀಯ ಸಂಸ್ಥೆಯೇ; ದ್ವಿಪದವಿಯಲ್ಲಿ ಎರಡೂ ಸಂಸ್ಥೆಗಳು ಪ್ರತ್ಯೇಕವಾಗಿ ನೀಡುತ್ತವೆ. ತಮ್ಮ ಮಕ್ಕಳು ಸೇರಲಿರುವುದು ಇವುಗಳಲ್ಲಿ ಯಾವುದಕ್ಕೆ, ಅಭ್ಯಾಸಕ್ಕೆ ಹೊಟೇಲು ಯಾವುದು, ವಿದೇಶದಲ್ಲಿ ಕಳೆಯುವ ತಿಂಗಳುಗಳಿಗೆ ವೇತನ ಉಂಟೇ, ಊಟ ವಸತಿ ಯಾರದು ಎಂಬುದನ್ನು ಪ್ರವೇಶದ ಮೊದಲೇ ಬರಹದಲ್ಲಿ ಕೇಳಿ ಪಡೆಯುವ ಹಕ್ಕು ಶುಲ್ಕ ತೆರುವವರಿಗಿದೆ.