ದಾರಿಯ ಬದಿಯಲ್ಲಿ ನಿಂತವರ ದಸರಾ

ಮೆರವಣಿಗೆ ಎಂಬುದು ಅಚ್ಚಗನ್ನಡದ ಮಾತು. ಮೆರೆ ಎಂಬ ಧಾತುವಿನಿಂದ ಹುಟ್ಟಿದ್ದು. ಸವಾರಿ ಎಂಬುದು ಫಾರಸಿಯಿಂದ ಬಂದು ನಮ್ಮಲ್ಲಿ ಮನೆಮಾಡಿಕೊಂಡ ಮಾತು. ಸವಾರಿಗೆ ಏರುವವನೊಬ್ಬನಿದ್ದರೆ ಸಾಕು. ಮೆರವಣಿಗೆಗಾದರೋ ನೋಡುವವರೂ ಬೇಕು. ಮೈಸೂರಿನ ವಿಜಯದಶಮಿಯ ಉತ್ಸವವನ್ನು ಹೆಸರಿನಿಂದ ಜಂಬೂಸವಾರಿಯೆಂದು ಕರೆದರೂ ಜನ ಅದನ್ನು ಮೆರವಣಿಗೆಯಾಗಿಯೇ ಬಗೆದಿದ್ದಾರೆ. ಈಚಿನ ವರ್ಷಗಳಲ್ಲಿ ಅದರಲ್ಲಿ ಸವಾರಿಯ ಅಂಶ ಬೆಳೆದು ಮೆರವಣಿಗೆಯ ಅಂಶ ತೆಳುವಾಗುತ್ತಿದೆಯೆಂಬುದು ನನ್ನ ಶಂಕೆ.

ಈ ಉತ್ಸವದ ಬೇರು ವಿಜಯನಗರದಲ್ಲಿದೆ. ಹಂಪೆಯ ಮಹಾನವಮಿ ದಿಬ್ಬ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮತ್ತೆ ತೊಡಗಿಸಿದರು. ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ವನ್ನು ಓದಿದ ವಿದ್ಯಾರ್ಥಿಗಳಿಗೆ ಆ ಕಾಲದ ಮಹಾನವಮಿಯ ವೈಭವ ಹೊಸದೇನಲ್ಲ. 1799ರಲ್ಲಿ ರಾಜಧಾನಿ ಮೈಸೂರಿಗೆ ಬಂದಾಗ ಹಬ್ಬವೂ ಅದರ ಹಿಂದೆ ಬಂದಿತು. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಸರು ಕುಳಿತುಕೊಳ್ಳುತ್ತಿದ್ದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ನೆಲೆಗೊಂಡಿತು. ಅರಮನೆಯ ಹಬ್ಬ ನಾಡಹಬ್ಬವೆನಿಸಿತು. ಹೆಸರು ಬದಲಾದರೆ ಸಾಲದು, ಅದಕ್ಕೆ ತಕ್ಕ ನಡತೆಯೂ ಬೇಕಷ್ಟೆ. ಅರಸರ ಕಾಲದಲ್ಲಿ ಪ್ರಜೆಗಳು ಬೀದಿಯಲ್ಲಿ ನಿಂತು ನೋಡಿದ್ದರಲ್ಲಿ ವಿಶೇಷವಿಲ್ಲ. ಹಬ್ಬ ತಮ್ಮದೇ ಆದಮೇಲೂ ಅವರಿಗೆ ಸಿಕ್ಕಿರುವುದು ಕಟಕಟೆಯ ಆಚೆಯ ಅದೇ ಸ್ಥಳವೇ ಎಂದರೆ ಸ್ವಲ್ಪ ಯೋಚಿಸಬೇಕಾದ ವಿಷಯ.

2020 ಮತ್ತು 2021ರ ಎರಡು ದಸರಾಗಳು ಈ ಬಗ್ಗೆ ನಮಗೊಂದು ಪಾಠ ಹೇಳಿದುವು. ಕೋವಿಡ್ ವ್ಯಾಧಿಯ ದೆಸೆಯಿಂದ ಆ ಎರಡು ವರ್ಷ ಸವಾರಿ ಅರಮನೆಯ ಆವರಣವನ್ನು ದಾಟಲಿಲ್ಲ. ಅಂಬಾರಿಯಿತ್ತು, ಅಭಿಮನ್ಯುವಿದ್ದ, ಕುಶಾಲತೋಪು ಹಾರಿತು, ಪುಷ್ಪಾರ್ಚನೆ ನಡೆಯಿತು. ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತವರಿಗೆ ಎಲ್ಲವೂ ಬೀದಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿಯೇ ಕಂಡಿತು. ಆದರೂ ಆ ದಿನ ದಸರಾ ನೋಡಿದೆವೆಂದು ಎದೆ ತಟ್ಟಿ ಹೇಳಿದವರನ್ನು ನಾನು ಕಾಣೆ. ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿ ಬರಿದಾಗಿ ಬಿದ್ದಿತ್ತು. ಕೊರತೆ ಎಲ್ಲಿಯದೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

2024ರ ವಿಜಯದಶಮಿಯಂದು ತಾಯಿ, ಹೆಂಡತಿ, ಮಕ್ಕಳಿಬ್ಬರೊಡನೆ ನಾನೂ ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ನಿಂತಿದ್ದೆನೆನ್ನುವುದಕ್ಕಿಂತ ನಿಲ್ಲಿಸಲ್ಪಟ್ಟಿದ್ದೆನೆಂದರೆ ಸರಿಯಾದೀತು. ಆ ಜನಸಂದಣಿಯಲ್ಲಿ ಕಾಲು ನಮ್ಮದಾದರೂ ನಿಲುವು ನಮ್ಮದಲ್ಲ. ಮಧ್ಯಾಹ್ನವೇ ಹೋಗಿ ಹಿಡಿದ ಜಾಗ ಮೂರು ಗಂಟೆಯ ಹೊತ್ತಿಗೆ ಹೇಗೋ ನಾಲ್ಕನೆಯ ಸಾಲಾಗಿ ಹೋಗಿತ್ತು. ನಮ್ಮ ಪಕ್ಕದಲ್ಲಿ ತಿ. ನರಸೀಪುರದ ಕಡೆಯ ಒಂದು ಸಂಸಾರ. ಅವರಲ್ಲಿ ಹಿರಿಯಳಾದ ಮುದುಕಿ ಗೋಣಿಚೀಲವನ್ನು ಹಾಸಿ ನನ್ನ ತಾಯಿಗೆ, ‘ಕುಂತ್ಕಳ್ರವ್ವ, ಬಂದಾಗ ನಾವೇ ಏಳುಸ್ತೀವಿ’ ಎಂದಳು. ನಮ್ಮ ಚಿತ್ರಾನ್ನ ಅತ್ತ ಹೋಯಿತು, ಅವರ ಕಡಲೆಕಾಯಿ ಇತ್ತ ಬಂತು. ನಾಲ್ಕು ಗಂಟೆಗಳ ಕಾಲ ಹೀಗೆ ಅಪರಿಚಿತರ ನಡುವೆ ನೆಂಟಸ್ತಿಕೆಯನ್ನು ಬೆಳೆಸುವ ಶಕ್ತಿ ಯಾವ ಗ್ಯಾಲರಿಯ ಕುರ್ಚಿಗೂ ಇಲ್ಲವೆಂದು ನನ್ನ ಅಭಿಪ್ರಾಯ. ಕುರ್ಚಿಗೆ ಸಂಖ್ಯೆಯಿರುತ್ತದೆ, ಆದ್ದರಿಂದ ಅದರ ಮೇಲೆ ಕುಳಿತವನಿಗೆ ಪಕ್ಕದವನ ಹಂಗಿಲ್ಲ.

ನಿಶಾನೆ ಆನೆ, ನೌಬತ್ ಆನೆ ಸಾಗಿದುವು. ಸ್ತಬ್ಧಚಿತ್ರಗಳು ಬಂದುವು, ಅವುಗಳಲ್ಲಿ ಕೆಲವು ಕಲೆಗಿಂತ ಪ್ರಕಟನೆಗೆ ಹತ್ತಿರವಾಗಿದ್ದುವು, ಅವನ್ನು ಬಿಡೋಣ. ನನ್ನ ಮನಸ್ಸಿಗೆ ನೋವಾದದ್ದು ಜನಪದ ಕಲಾವಿದರ ಮೇಳಗಳನ್ನು ಕಂಡಾಗ. ನಾಡಿನ ನಾನಾ ಮೂಲೆಗಳಿಂದ ಬಂದ ಡೊಳ್ಳಿನವರು, ವೀರಗಾಸೆಯವರು ಅರಮನೆಯ ಮುಂದಿನ ವೇದಿಕೆಯೆದುರು ಕುಣಿದು ದಣಿದು, ನಮ್ಮೆದುರಿಗೆ ಬರುವ ವೇಳೆಗೆ ವಾದ್ಯವನ್ನು ಕೊರಳಿಗೆ ತೂಗಹಾಕಿಕೊಂಡು ಬರಿದೆ ನಡೆದು ಹೋಗುತ್ತಿದ್ದರು. ಹಿಂದಿನಿಂದ ‘ಬೇಗ, ಬೇಗ’ ಎಂಬ ಅವಸರದ ಕೂಗು ಬೇರೆ. ಕಂಸಾಳೆಯ ಒಂದು ಗುಂಪು ಮಾತ್ರ ಜನರ ಕರೆಗೆ ಓಗೊಟ್ಟು ಒಂದೆರಡು ನಿಮಿಷ ನಿಂತಿತು. ತಾಳ ತಾಳಕ್ಕೆ ತಗುಲಿದ ಆ ಗಳಿಗೆಯಲ್ಲಿ ಇಡೀ ಬೀದಿ ಎಚ್ಚೆತ್ತಿತು. ನರಸೀಪುರದ ಮುದುಕಿ ಮಾದಪ್ಪನನ್ನು ನೆನೆದು ಕೈಮುಗಿದಳು. ಕಲೆಯನ್ನು ಬಲ್ಲವರು ವೇದಿಕೆಯ ಮೇಲಿದ್ದರೋ ಇಲ್ಲವೋ, ಬೀದಿಯಲ್ಲಂತೂ ಇದ್ದರು.

ಅಂಬಾರಿ ಬರುವಾಗ ದೀಪ ಹತ್ತಿತ್ತು. ಕಿರಿಯ ಮಗಳು ನನ್ನ ಹೆಗಲ ಮೇಲಿಂದಲೇ ‘ಅಜ್ಜೀ, ಆನೆಗೆ ಭಾರವಾಗುವುದಿಲ್ಲವೇ?’ ಎಂದು ಕೇಳಿದಳು. ಪ್ರಶ್ನೆ ಸಣ್ಣದಲ್ಲ. 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊರುವುದಕ್ಕೆ ಆನೆಯನ್ನು ವಾರಗಟ್ಟಲೆ ಮರಳಮೂಟೆಗಳನ್ನು ಹೊರಿಸಿ ಅಣಿಗೊಳಿಸುತ್ತಾರೆ. ಮಾವುತ ಕಾವಾಡಿಗಳು ಸಂಸಾರಸಮೇತ ಕಾಡಿನ ಶಿಬಿರಗಳನ್ನು ಬಿಟ್ಟು ಅರಮನೆಯ ಅಂಗಳದಲ್ಲಿ ಬಿಡಾರ ಹೂಡುತ್ತಾರೆ. ಅವರ ಹೆಸರನ್ನು ಬಲ್ಲವರು ನಮ್ಮಲ್ಲಿ ಎಷ್ಟು ಜನ? ತಾಯಿಗೆ ಕಂಡದ್ದು ಎತ್ತಿ ಹಿಡಿದ ನೂರಾರು ಮೊಬೈಲುಗಳ ಸಂದಿಯಲ್ಲಿ ಅಂಬಾರಿಯ ಮೇಲ್ತುದಿಯ ಹೊಳಪೊಂದೇ. ‘ಅಮ್ಮನನ್ನು ನೋಡಿದೆ ಕಣೋ, ಸಾಕು’ ಎಂದಳು. ನೋಡಿರಲಿಲ್ಲವೆಂಬುದು ನನಗೆ ಗೊತ್ತು, ಅವಳಿಗೂ ಗೊತ್ತು.

ಕಟಕಟೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ವಿಜಯೋತ್ಸವಕ್ಕೆ ಬಂದ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ಜನಸಮೂಹವನ್ನು ಅದರ ಪಾಡಿಗೆ ಬಿಡುವುದು ಎಂಥ ಅನಾಹುತವೆಂಬುದನ್ನು ಆ ಬಳಿಕ ಯಾರೂ ಅಲ್ಲಗಳೆಯಲಾರರು. ಹಣ ತೆತ್ತು ಕುಳಿತು ನೋಡಬಯಸುವ ಪ್ರವಾಸಿಗಳ ಮೇಲೂ ನನಗೆ ಮುನಿಸಿಲ್ಲ. ಅವರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ. ಆದರೆ ವ್ಯವಸ್ಥೆಯೆಂಬುದು ಪಾಸು ಉಳ್ಳವರನ್ನು ಕೂರಿಸುವುದರೊಂದಿಗೆ ಮುಗಿಯುತ್ತದೆಯೇ? ಉಳಿದ ಲಕ್ಷಾಂತರ ಮಂದಿಯ ವಿಷಯದಲ್ಲಿ ಅವರು ನುಗ್ಗದಂತೆ ತಡೆಯುವುದಷ್ಟೇ ಕರ್ತವ್ಯವೇ?

ಮಾಡಬಹುದಾದದ್ದಕ್ಕೆ ಹೆಚ್ಚಿನ ವೆಚ್ಚವೂ ಬೇಡ. ಮೇಳಗಳು ಅರಮನೆಯ ಮುಂದೆ ಕುಣಿದಷ್ಟೇ ಹೊತ್ತು ಕೃಷ್ಣರಾಜ ವೃತ್ತದಲ್ಲಿ, ಆಯುರ್ವೇದ ಆಸ್ಪತ್ರೆಯ ವೃತ್ತದಲ್ಲಿ, ಬಂಬೂ ಬಜಾರಿನಲ್ಲಿ ನಿಂತು ಕುಣಿಯಲಿ. ಅದಕ್ಕಾಗಿ ಮೆರವಣಿಗೆ ಒಂದು ಗಂಟೆ ಮೊದಲೇ ಹೊರಡಲಿ, ಇಲ್ಲವೆ ಸ್ತಬ್ಧಚಿತ್ರಗಳಲ್ಲಿ ಹತ್ತು ಕಡಮೆಯಾಗಲಿ. ಕಟಕಟೆಯ ಒಳಗೆ, ದಾರಿಯ ಎರಡೂ ಅಂಚಿನಲ್ಲಿ, ಮೂರು ಮೊಳ ಅಗಲದ ಜಾಗವನ್ನು ಬಿಟ್ಟು ಮುದುಕರನ್ನೂ ಮಕ್ಕಳನ್ನೂ ಜಮಖಾನದ ಮೇಲೆ ನೆಲದಲ್ಲೇ ಕೂರಿಸಲಿ. ಅವರು ಕುಳಿತರೆ ಹಿಂದೆ ನಿಂತವರಿಗೆ ಅಡ್ಡಿಯಾಗದು. ಜಮಖಾನ ದೊರೆಯದಿದ್ದರೆ ಗೋಣಿಚೀಲವಾದರೂ ಆದೀತು. ಅದನ್ನು ಜನ ತಾವೇ ತರುತ್ತಾರೆ.