ಕಾಗದಕ್ಕೆ ರೊಕ್ಕ, ಕನ್ನಡದ ಬರಹ ಪುಕ್ಕಟೆ!

ಹೋದ ತಿಂಗಳು ಧಾರವಾಡದ ಹುಡುಗನೊಬ್ಬ ನಮ್ಮ ಪ್ರೆಸ್ಸಿಗೆ ಬಂದು ಮೊಬೈಲು ತೋರಿಸಿದ. ಅವನು ಅಂತರ್ಜಾಲದಲ್ಲಿ ಬರೆದುಕೊಂಡಿದ್ದ ಲೇಖನವನ್ನು ಒಂದು ವೆಬ್‌ಸೈಟು ಇಡಿಯಾಗಿ ಎತ್ತಿ ಹಾಕಿತ್ತು. ಸುತ್ತಲೂ ಜಾಹೀರಾತು, ಹುಡುಗನ ಹೆಸರೇ ಇಲ್ಲ. ಕೇಳಿದರೆ, "ಕನ್ನಡದ ಸೇವೆ, ನಿಮಗೂ ಪ್ರಚಾರ" ಎಂಬ ಉತ್ತರ!

ಇದೆಂಥ ಸೇವೆ ಸ್ವಾಮಿ? ಇಪ್ಪತ್ತು ವರ್ಷದಿಂದ ಪ್ರೆಸ್ಸು ನಡೆಸಿದ್ದೇನೆ. ಕಾಗದದವನು, ಶಾಯಿಯವನು ಉದ್ರಿ ಕೊಟ್ಟಾರು, ಪುಕ್ಕಟೆ ಕೊಡುವುದಿಲ್ಲ. ಬೈಂಡಿಂಗ್ ಹುಡುಗನ ಪಗಾರ ತಪ್ಪುವುದಿಲ್ಲ. ಬರೆದವನಿಗೆ ಮಾತ್ರ ಕೈ ಮುಗಿದು ಕಳಿಸುತ್ತೇವೆ. ನಾನೂ ಹಾಗೆ ಕಳಿಸಿದವನೇ, ಒಪ್ಪಿಕೊಳ್ಳುತ್ತೇನೆ.

ಇದೇ ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥಗಳಿಗೆ ಬಹುಮಾನ ಕೊಟ್ಟಿತು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರದಕ್ಕಿಂತ ದೊಡ್ಡ ಸೇವೆಯೇ ಇವರದು? ಅವರೂ ಬರಹಕ್ಕೆ ಬೆಲೆ ಕಟ್ಟಿದ್ದರು.

ತರುಣರೇ, ಕಾಯಿದೆ ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರಿಗಾಗಿ ಬರೆದದ್ದಲ್ಲದಿದ್ದರೆ ಹಕ್ಕು ಬರೆದವನದೇ. ನೋಂದಣಿ ಬೇಕಿಲ್ಲ. ಲಿಖಿತ ಒಪ್ಪಂದವಿಲ್ಲದೆ ಅದು ಇನ್ನೊಬ್ಬರ ಪಾಲಾಗದು. ಹಕ್ಕು ಮಾರಿದ ಮೇಲೂ 'ಇದನ್ನು ಬರೆದವನು ನಾನು' ಎನ್ನುವ ಅಧಿಕಾರವನ್ನು 57ನೇ ಕಲಮು ಉಳಿಸಿದೆ. ಆದ್ದರಿಂದ ಷರತ್ತು ಓದದೆ 'ಒಪ್ಪಿಗೆ' ಒತ್ತಬೇಡಿ. ಬರೆದದ್ದರ ಪ್ರತಿಯನ್ನು ತಾರೀಖಿನೊಡನೆ ಇಟ್ಟುಕೊಳ್ಳಿ. ಕದ್ದವರಿಗೆ ನೋಟೀಸು ಕೊಡಿ, ಕನ್ನಡದಲ್ಲೇ ಕೊಡಿ!

ಕನ್ನಡ ಅನ್ನದ ಭಾಷೆಯಾಗಲಿ ಎಂದು ಬೀದಿಗಿಳಿದು ಕೂಗುತ್ತೇವೆ. ಕನ್ನಡ ಬರೆದವನ ತಾಟಿನಲ್ಲೇ ಅನ್ನವಿಲ್ಲದಿದ್ದರೆ ಆ ಕೂಗು ಯಾರಿಗಾಗಿ? ಬರೆದವನಿಗೆ ಹೆಸರು ಕೊಡಿ, ರೊಕ್ಕ ಕೊಡಿ. ಮೊದಲು ನಮ್ಮ ಪ್ರೆಸ್ಸಿನಿಂದಲೇ ಶುರುವಾಗಲಿ.